ಪೇಟೆಂಟಿನ ಸಾರಾಂಶವನ್ನು ಎಐ ಬರೆಯಲಿ, ಆದರೆ ಯಾರಿಗಾಗಿ?

2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಒಂದು ಅರ್ಜಿಯನ್ನು ತಿರಸ್ಕರಿಸಿತು. ಮಾಮೂಲಿ ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಬೆಡಾಕ್ವಿಲಿನ್ ಮೇಲಿನ ಏಕಸ್ವಾಮ್ಯವನ್ನು 2027ರವರೆಗೆ ಎಳೆಯಬಹುದಾಗಿದ್ದ ಅರ್ಜಿ ಅದು. ವಿರೋಧಿಸಿದವರಲ್ಲಿ ಕ್ಷಯವನ್ನು ಗೆದ್ದ ಇಬ್ಬರಿದ್ದರು: ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಹಳೆಯ ಔಷಧಿಗಳ ಅಡ್ಡಪರಿಣಾಮದಿಂದ ಇಬ್ಬರೂ ಶ್ರವಣಶಕ್ತಿ ಕಳೆದುಕೊಂಡಿದ್ದವರು.

ಆ ಅರ್ಜಿ ಕೇಳಿದ್ದು ಹೊಸ ಔಷಧಿಗಲ್ಲ, ಅದೇ ಔಷಧಿಯ ಫ್ಯೂಮರೇಟ್ ಲವಣದ ರೂಪಕ್ಕೆ. ಇದು ಗೊತ್ತಾಗಬೇಕಾದರೆ ಪೇಟೆಂಟ್ ಅರ್ಜಿಯನ್ನು ಓದಬೇಕು. ಅಲ್ಲೇ ಇರೋದು ಕಷ್ಟ.

ಜಗತ್ತಿನಲ್ಲಿ 2023ರಲ್ಲಿ ಸುಮಾರು 35 ಲಕ್ಷ ಪೇಟೆಂಟ್ ಅರ್ಜಿಗಳು ಸಲ್ಲಿಕೆಯಾದವು. ಭಾರತದಲ್ಲಿ 2023–24ರಲ್ಲಿ 90 ಸಾವಿರಕ್ಕೂ ಹೆಚ್ಚು. ಯಾವ ಸಂಶೋಧನಾ ತಂಡವೂ ಇಷ್ಟನ್ನು ಓದಿ ಮುಗಿಸೋಕೆ ಆಗಲ್ಲ. ಹಾಗಾಗಿ ದೊಡ್ಡ ಕಂಪನಿಗಳ ಆರ್ ಅಂಡ್ ಡಿ ವಿಭಾಗಗಳು ಈಗ ಎಐಗೆ ಕೆಲಸ ಒಪ್ಪಿಸುತ್ತಿವೆ: ನೂರು ಪುಟದ ದಾಖಲೆ ಹಾಕಿದರೆ ಒಂದು ಪುಟದ ಸಾರಾಂಶ. ಯಾರು ಏನು ಮಾಡಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ ಅಂತ ಬೇಗ ತಿಳಿಯುತ್ತೆ. ಒಳ್ಳೆಯದೇ.

ಆದರೆ ಇಲ್ಲೊಂದು ತೊಡಕಿದೆ. ಪೇಟೆಂಟಿನಲ್ಲಿ ಮೂರು ಭಾಗಗಳನ್ನು ಬೇರೆಬೇರೆಯಾಗಿ ನೋಡಬೇಕು: ಚಿಕ್ಕ ಸಾರ, ಉದ್ದದ ವಿವರಣೆ, ಕೊನೆಯಲ್ಲಿ ಕ್ಲೇಮ್‌ಗಳು. ಕಾನೂನಿನ ಬೇಲಿ ಇರುವುದು ಕ್ಲೇಮ್‌ಗಳಲ್ಲಿ. ಸಾರ ಬರೀ ತಾಂತ್ರಿಕ ಮಾಹಿತಿಗೆ, ಹಕ್ಕಿನ ವ್ಯಾಪ್ತಿ ಅಳೆಯಲು ಅದನ್ನು ಬಳಸುವಂತಿಲ್ಲ ಎಂದು ಅಂತರರಾಷ್ಟ್ರೀಯ ಪೇಟೆಂಟ್ ಸಹಕಾರ ಒಪ್ಪಂದವೇ ಹೇಳುತ್ತದೆ. ಆದರೆ ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಾದ ದತ್ತಾಂಶಗಳಲ್ಲೊಂದು 2019ರ ಬಿಗ್‌ಪೇಟೆಂಟ್. ಅದರಲ್ಲಿ ಅಮೆರಿಕದ ಸುಮಾರು 13 ಲಕ್ಷ ಪೇಟೆಂಟ್‌ಗಳಿವೆ, ಪ್ರತಿಯೊಂದಕ್ಕೂ ಅರ್ಜಿದಾರರೇ ಬರೆದ ಸಾರವನ್ನೇ ‘ಸರಿಯುತ್ತರ’ ಅಂತ ಇಟ್ಟಿದ್ದಾರೆ. ಅಂದರೆ ಅದರಿಂದ ಕಲಿತ ಯಂತ್ರ ಅರ್ಜಿದಾರ ತನ್ನ ಬಗ್ಗೆ ಹೇಳಿಕೊಳ್ಳೋ ಧಾಟಿಯನ್ನೇ ಕಲಿಯುತ್ತೆ. ‘ಇವುಗಳನ್ನು ಒಳಗೊಂಡ’ ಮತ್ತು ‘ಇವು ಮಾತ್ರ ಇರುವ’ ಎಂಬ ಮಾತುಗಳ ಮಧ್ಯೆ ಕ್ಲೇಮ್‌ನಲ್ಲಿ ಅಜಗಜಾಂತರ. ಸಾರಾಂಶದಲ್ಲಿ ಎರಡೂ ಒಂದೇ ಆಗಿಬಿಡಬಹುದು. ‘ಕ್ಷಯಕ್ಕೆ ಔಷಧಿ’ ಅಂತ ಒಂದು ಸಾಲಿನಲ್ಲಿ ಮುಗಿಸಿದರೆ ಲವಣದ ವಿಷಯವೇ ಮಾಯ.

ಇದು ಬರೀ ಎಂಜಿನಿಯರ್‌ಗಳ ತಲೆನೋವಲ್ಲ, ರಾಜಕೀಯ ಪ್ರಶ್ನೆ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 25(1) ಪ್ರಕಾರ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಸಿಗುವ ಮೊದಲು, ‘ಯಾರು ಬೇಕಾದರೂ’ ವಿರೋಧ ಸಲ್ಲಿಸಬಹುದು. 2024ರ ತಿದ್ದುಪಡಿ ನಿಯಮಗಳು ಅದಕ್ಕೆ ಶುಲ್ಕ ಹಾಕಿದವು, ವಿರೋಧ ವಿಚಾರಣೆಗೆ ಯೋಗ್ಯವೇ ಎಂದು ಮೊದಲು ಅಧಿಕಾರಿ ತೀರ್ಮಾನಿಸಬೇಕು ಎಂದವು. ಬಾಗಿಲು ಸಣ್ಣದಾಯಿತು. ಇನ್ನು ಭಾಷೆ ನೋಡಿ: ಪೇಟೆಂಟ್ ದಾಖಲೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ.

ಪೀಣ್ಯದ ಸಣ್ಣ ವರ್ಕ್‌ಶಾಪ್ ಮಾಲೀಕರಿಗೂ ಇದರಲ್ಲಿ ಲಾಭವಿದೆ. ಪೇಟೆಂಟಿನ ಆಯಸ್ಸು 20 ವರ್ಷ, ಅದೂ ಪಡೆದ ದೇಶದೊಳಗೆ ಮಾತ್ರ. ಅವಧಿ ಮುಗಿದ ಪೇಟೆಂಟ್‌ನ ಜ್ಞಾನ ಎಲ್ಲರದ್ದು. ಅದು ಅವರಿಗೆ ತಲುಪುತ್ತಿಲ್ಲ, ಅಷ್ಟೇ.

ಹಾಗಾದರೆ ಏನು ಕೇಳಬೇಕು? ಪೇಟೆಂಟ್ ಕಚೇರಿಯೇ, ಸಾರ್ವಜನಿಕ ಹಣದಲ್ಲಿ, ಪ್ರತಿ ಅರ್ಜಿಗೂ ಸರಳ ಸಾರಾಂಶ ಪ್ರಕಟಿಸಲಿ. ಅದು ಕ್ಲೇಮ್‌ಗಳನ್ನು ಆಧರಿಸಿರಲಿ, ಪ್ರತಿ ವಾಕ್ಯದ ಪಕ್ಕ ಕ್ಲೇಮ್ ಸಂಖ್ಯೆ ಇರಲಿ, ಪೇಟೆಂಟ್ ಜಾರಿಯಲ್ಲಿದೆಯೋ ಮುಗಿದಿದೆಯೋ ತಿಳಿಸಲಿ. ಕನ್ನಡದಲ್ಲೂ ಬರಲಿ. ಅನುಮಾನ ಬಂದವರು ಮೂಲ ತೆರೆದು ನೋಡಲಿ.

ಇಲ್ಲದಿದ್ದರೆ ಕಂಪನಿಗಳು ಎಐ ಬಳಸಿ ಎಲ್ಲವನ್ನೂ ಓದುತ್ತವೆ, ರೋಗಿಗಳು ಮತ್ತು ಸಣ್ಣ ಉದ್ದಿಮೆದಾರರು ಏನನ್ನೂ ಓದಲಾರರು. ಏಕಸ್ವಾಮ್ಯ ಕೊಡುವುದಕ್ಕೆ ಪ್ರತಿಯಾಗಿ ಸಮಾಜ ಕೇಳಿದ್ದು ಜ್ಞಾನದ ಬಹಿರಂಗ. ಓದಲಾಗದ ದಾಖಲೆಯಿಂದ ಆ ಒಪ್ಪಂದದ ಅರ್ಧ ಮಾತ್ರ ಈಡೇರುತ್ತದೆ.