ವಯಸ್ಸಾದ ಬ್ಯಾಂಡಿಗೆ ವಿನಾಯಿತಿ ಬೇಡ

ಕೊಲ್ಲಿ ನಾಡಿನ ಕನ್ನಡಿಗರ ರಾಜ್ಯೋತ್ಸವ ಕಾರ್ಯಕ್ರಮಗಳಲ್ಲಿ ಒಂದು ಹೊತ್ತು ತಪ್ಪದೆ ಬರುತ್ತದೆ. ಮಕ್ಕಳ ನೃತ್ಯ, ಗಣ್ಯರ ಭಾಷಣ ಎಲ್ಲ ಮುಗಿದ ಮೇಲೆ ಹಿರಿಯರ ಆರ್ಕೆಸ್ಟ್ರಾ ವೇದಿಕೆ ಹತ್ತುತ್ತದೆ. ಕೀಬೋರ್ಡಿನವರಿಗೆ ಅರವತ್ತು ದಾಟಿದೆ, ಡ್ರಮ್ಸ್‌ನವರು ಅದರ ಹೊಸ್ತಿಲಲ್ಲಿದ್ದಾರೆ, ಹಾಡುವವರು ತಮ್ಮ ವಯಸ್ಸು ಹೇಳುವುದಿಲ್ಲ. ಮೊದಲ ಹಾಡು ಮುಗಿಯುತ್ತಿದ್ದಂತೆ ನಿರೂಪಕಿ ಮೈಕ್ ಹಿಡಿದು, ‘ಈ ವಯಸ್ಸಿನಲ್ಲೂ ಎಂಥ ಉತ್ಸಾಹ ನೋಡಿ! ವಯಸ್ಸಾಗುವುದು ದೇಹಕ್ಕೆ, ಮನಸ್ಸಿಗಲ್ಲ. ಜೋರಾದ ಚಪ್ಪಾಳೆ ಬರಲಿ’ ಎನ್ನುತ್ತಾರೆ. ಸಭೆ ಎದ್ದು ನಿಲ್ಲುತ್ತದೆ. ಎರಡನೇ ಚರಣದಲ್ಲಿ ಗಿಟಾರ್ ಒಂದು ದಾರಿ, ಕೀಬೋರ್ಡ್ ಇನ್ನೊಂದು ದಾರಿ ಹಿಡಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಆ ಚಪ್ಪಾಳೆಯ ಹಿಂದಿರುವ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಸವಿನಯವಾಗಿ ಹೇಳಬೇಕಾಗಿದೆ: ಅದು ಸಂಗೀತಕ್ಕೆ ಸಿಕ್ಕ ಮನ್ನಣೆಯಲ್ಲ, ಸಂಗೀತವನ್ನು ಕೇಳಿಸಿಕೊಳ್ಳುವ ಕಷ್ಟದಿಂದ ಸಭೆಗೆ ಸಿಕ್ಕ ಬಿಡುಗಡೆ. ಐದು ವರ್ಷದ ಮಗು ವೇದಿಕೆಯಲ್ಲಿ ಹೆಜ್ಜೆ ಮರೆತು ಅಮ್ಮನ ಕಡೆ ನೋಡಿದಾಗ ಬೀಳುವ ಚಪ್ಪಾಳೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಮಗುವಿಗೆ ಅದು ಸಲ್ಲುತ್ತದೆ. ನಲವತ್ತು ವರ್ಷ ವಾದ್ಯ ಹಿಡಿದವರಿಗೆ ಸಲ್ಲುವುದಿಲ್ಲ.

ವಯಸ್ಸು ಮನಸ್ಸಿನಲ್ಲಷ್ಟೇ ಇದೆ ಎನ್ನುವವರು ಒಮ್ಮೆ ಬಹರೈನಿನ ಇಂಥ ಹಿರಿಯರ ಪ್ರಾಕ್ಟೀಸಿಗೆ ಬರಬೇಕು. ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ಗುರುವಾರ ರಾತ್ರಿ ಮನಾಮದ ಗುದೈಬಿಯಾ ಕಡೆಯ ಯಾವುದೋ ಫ್ಲ್ಯಾಟಿನ ಹಾಲ್‌ನಲ್ಲಿ ಇವರು ಸೇರುತ್ತಾರೆ. ಆಂಪ್ಲಿಫೈಯರನ್ನು ಮೂರನೇ ಮಹಡಿಗೆ ಏರಿಸುವುದು ಮೊದಲ ಐಟಂ. ಅದಕ್ಕೆ ಮನೆಯವರ ಮಗನನ್ನು ಕರೆಯಬೇಕು, ಅವನು ಗೇಮ್ ಮುಗಿಸಿ ಬರುವವರೆಗೆ ಕಾಯಬೇಕು. ಎರಡನೆಯದು ಕನ್ನಡಕ. ಹಾಡಿನ ಸಾಹಿತ್ಯ ಟ್ಯಾಬ್‌ನಲ್ಲಿದೆ, ಅದಕ್ಕೆ ಓದುವ ಕನ್ನಡಕ ಬೇಕು. ಡ್ರಮ್ಸ್‌ನವರು ತಲೆಯಾಡಿಸಿ ಕೊಡುವ ಸನ್ನೆ ಆ ಕನ್ನಡಕದಲ್ಲಿ ಮಂಜುಮಂಜು. ಅದನ್ನು ತೆಗೆದರೆ ಸನ್ನೆ ಕಾಣುತ್ತದೆ, ಚರಣ ಮಾಯ. ಮೂರನೆಯದು ಚಾ. ಅದರಲ್ಲಿ ಒಬ್ಬರಿಗೆ ಸಕ್ಕರೆ ಇಲ್ಲ, ಒಬ್ಬರಿಗೆ ಹಾಲು ಇಲ್ಲ, ಇನ್ನೊಬ್ಬರಿಗೆ ಚಾ ಆದ ಮೇಲೆ ಮಾತ್ರೆ. ಆಮೇಲೆ ಸಂಗೀತ.

ಈಗ ಸ್ಕೇಲ್ ಜಗಳ, ಅಂದರೆ ಕೀಬೋರ್ಡಿನ ಯಾವ ಮನೆಯಿಂದ ಹಾಡು ಎತ್ತಬೇಕು ಎಂಬುದು.

‘ಅಣ್ಣ, ಕಪ್ಪು ಒಂದರಲ್ಲಿ ನನಗೆ ಮೇಲೆ ಹೋಗ್ಲಿಕ್ಕೆ ಆಗೂದಿಲ್ಲ. ಬಿಳಿ ಏಳಕ್ಕೆ ತನ್ನಿ.’

‘ಕ್ಯಾಸೆಟ್‌ನಲ್ಲಿ ಕಪ್ಪು ಒಂದೇ ಉಂಟು ಮಾರಾಯ್ರೆ.’

‘ಆ ಕ್ಯಾಸೆಟ್ ಬರುವಾಗ ನನಗೆ ಇಪ್ಪತ್ತೈದು.’

ಈ ವಾದಕ್ಕೆ ಎದುರುತ್ತರವಿಲ್ಲ. ಕೀಬೋರ್ಡಿನ ಅಣ್ಣ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಎರಡು ಮನೆ ಇಳಿಸಿಕೊಳ್ಳುತ್ತಾರೆ. ಅವರ ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ಸದ್ದು ಮಾತ್ರ ಕೆಳಗೆ ಬರುತ್ತದೆ. ಗಿಟಾರಿಗೆ ಆ ಗುಂಡಿ ಇಲ್ಲ. ಅದರ ಕತ್ತಿಗೆ ಸಿಕ್ಕಿಸುವ ಕ್ಯಾಪೊ ಸ್ವರವನ್ನು ಏರಿಸಬಲ್ಲದು, ಇಳಿಸಲಾರದು. ಗಿಟಾರಿನವರು ಅಷ್ಟೂ ಕಾರ್ಡ್‌ಗಳನ್ನು ಬೇರೆ ಆಕಾರದಲ್ಲಿ ಹಿಡಿಯಬೇಕು, ಬೆರಳ ಗಂಟು ನೋಯುವ ಕಾಲದಲ್ಲಿ. ಇಷ್ಟಾಗಿ ಮುಂದಿನ ಹಾಡಿಗೆ ಗುಂಡಿಯನ್ನು ಸೊನ್ನೆಗೆ ತರಲು ಅಣ್ಣ ಮರೆಯುತ್ತಾರೆ. ವೇದಿಕೆಯಲ್ಲಿ ಗಿಟಾರ್ ಮತ್ತು ಕೀಬೋರ್ಡ್ ಬೇರೆಬೇರೆ ದಾರಿ ಹಿಡಿಯುವುದು ಬಹುಪಾಲು ಹೀಗೆಯೇ. ಸಭೆ ಅದನ್ನು ಉತ್ಸಾಹ ಎಂದುಕೊಂಡು ಎದ್ದು ನಿಲ್ಲುತ್ತದೆ.

ಕಿವಿಯದ್ದು ಇನ್ನೊಂದು ಕತೆ. ವಯಸ್ಸಾದಂತೆ ಮೊದಲು ಕೈಕೊಡುವುದು ಮೇಲಿನ ಕಂಪನಾಂಕದ ಸದ್ದು: ಸಿಂಬಲ್ಲಿನ ಝಲ್ಲು, ಮಾತಿನಲ್ಲಿ ‘ಸ’ಕಾರ, ಗಿಟಾರ್ ತಂತಿಯ ಹೊಳಪು. ಅದು ಕೇಳದ್ದಕ್ಕೆ ಗಿಟಾರಿನವರು ಟ್ರೆಬಲ್ ಏರಿಸುತ್ತಾರೆ. ಗಿಟಾರ್ ಏರಿದ್ದಕ್ಕೆ ಕೀಬೋರ್ಡ್ ಏರುತ್ತದೆ. ತನ್ನ ದನಿ ತನಗೇ ಕೇಳುತ್ತಿಲ್ಲವೆಂದು ಹಾಡುವವರು ಮೈಕನ್ನು ನುಂಗುವಷ್ಟು ಹತ್ತಿರ ತರುತ್ತಾರೆ. ಕೆಳಗಿನ ಮಹಡಿಯವರು ಬಂದು ಬಾಗಿಲು ಬಡಿದರೆ ಅದೂ ಕೇಳುವುದಿಲ್ಲ. ನಗು ಬರುವುದು ನಿಜ, ಬರಲಿ. ಈ ನಗುವಿನಲ್ಲಿ ಮೊದಲ ಪಾಲು ಆ ಹಾಲ್‌ನಲ್ಲಿ ಕೂತವರದ್ದೇ.

ನನ್ನ ತಕರಾರು ಇರುವುದು ಆ ನಗುವಿನ ಮೇಲಲ್ಲ, ವಿನಾಯಿತಿಯ ಮೇಲೆ. ಮುದುಕರು ವಾದ್ಯ ನುಡಿಸುವುದು ಅಚ್ಚರಿಯ ಸಂಗತಿ ಎಂದು ನಮಗೆ ಯಾರು ಹೇಳಿಕೊಟ್ಟರು? ನಮ್ಮ ಕಛೇರಿ ಪರಂಪರೆಯಂತೂ ಅಲ್ಲ. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅವರ ಎದುರು ಕುಳಿತ ರಸಿಕರು ರಾಗ, ನೆರವಲು, ಲೆಕ್ಕಾಚಾರ ಎಲ್ಲವನ್ನೂ ತೂಗಿಯೇ ನೋಡಿದರು. ತೆಂಕುತಿಟ್ಟಿನ ಬಲಿಪ ನಾರಾಯಣ ಭಾಗವತರ ಏರುಶ್ರುತಿಯನ್ನು ಬಲ್ಲ ಯಕ್ಷಗಾನ ಪ್ರೇಮಿಗಳು ಇಳಿವಯಸ್ಸಿನ ಅವರ ಪದ್ಯವನ್ನು ಹಳೆಯ ಅವರ ಪದ್ಯದ ಜೊತೆಗೇ ಹೋಲಿಸಿ ಚೌಕಿಯ ಹಿಂದೆ ವಾದಿಸುತ್ತಿದ್ದರು. ಅದು ಮರ್ಯಾದೆ. ರಾಜ್‌ಕುಮಾರ್ ‘ಜೀವನ ಚೈತ್ರ’ ಸಿನಿಮಾದ ತೋಡಿ ರಾಗದ ಹಾಡನ್ನು ಹಾಡಿ ರಾಷ್ಟ್ರಪ್ರಶಸ್ತಿ ಪಡೆದಾಗ ಅವರಿಗೆ ಅರವತ್ತು ದಾಟಿತ್ತು. ಹಿರಿಯರೆಂದು ಕರುಣೆಯಿಂದ ಕೊಟ್ಟ ಪ್ರಶಸ್ತಿ ಅದಲ್ಲ. ಅನುಮಾನವಿದ್ದವರು ಮೂವತ್ತರ ಹರೆಯದ ಯಾವುದೇ ಆರ್ಕೆಸ್ಟ್ರಾ ಗಾಯಕನಿಗೆ ಆ ಹಾಡು ಹಾಡಲು ಹೇಳಿ ನೋಡಬಹುದು.

ಬ್ಯಾಂಡ್ ಎಂದರೆ ಹುಡುಗರದ್ದು ಎಂಬ ಎಣಿಕೆ ಬಂದದ್ದು ಕಳೆದ ಶತಮಾನದ ಐವತ್ತು ಅರವತ್ತರ ದಶಕದ ರಾಕ್ ಸಂಗೀತದ ಜೊತೆ. ಆಗಿನ ಹುಡುಗರೇ ಆ ಎಣಿಕೆಯನ್ನು ಸುಳ್ಳು ಮಾಡಿದ್ದಾರೆ. 1943ರಲ್ಲಿ ಹುಟ್ಟಿದ ಮಿಕ್ ಜಾಗರ್ ಎಂಬತ್ತರಲ್ಲಿ ರೋಲಿಂಗ್ ಸ್ಟೋನ್ಸ್‌ನ ಹೊಸ ಆಲ್ಬಂ ತಂದರು. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಕ್ಯೂಬಾದ ಬ್ಯೂನಾ ವಿಸ್ತಾ ಸೋಷಿಯಲ್ ಕ್ಲಬ್. ಆ ಧ್ವನಿಮುದ್ರಣ ನಡೆದ ಕಾಲಕ್ಕೆ ಪಿಯಾನೊ ನುಡಿಸಿದ ರುಬೆನ್ ಗೊನ್ಸಾಲೆಸ್‌ಗೆ ಎಪ್ಪತ್ತಾರೋ ಏಳೋ, ಕೊಂಪಾಯ್ ಸೆಗುಂದೊಗೆ ತೊಂಬತ್ತರ ಹತ್ತಿರ. 1997ರಲ್ಲಿ ಬಂದ ಆ ಆಲ್ಬಂನಲ್ಲಿ ಯಾರೂ ಇಪ್ಪತ್ತರ ಹುಡುಗರಂತೆ ಕೇಳಿಸಲು ಹೆಣಗುವುದಿಲ್ಲ. ಅವಸರವೇ ಇಲ್ಲ. ಲೋಕ ಅದನ್ನು ಕೊಂಡದ್ದು ಅದಕ್ಕಾಗಿ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮನಾಮದಿಂದ ಸೇತುವೆ ದಾಟಿದರೆ ಮುಹರ್ರಕ್. ಅಲ್ಲಿ ‘ದಾರ್’ ಎಂದು ಕರೆಯುವ ಸಂಗೀತದ ಮನೆಗಳಿವೆ. ಮುತ್ತು ತೆಗೆಯಲು ಸಮುದ್ರಕ್ಕಿಳಿಯುತ್ತಿದ್ದವರ ಫಿಜ್ರಿ ಹಾಡುಗಳು ಉಳಿದಿರುವುದು ಈ ಮನೆಗಳಲ್ಲಿ. ನಹ್ಹಾಮ್, ಅಂದರೆ ಮುಖ್ಯ ಗಾಯಕ, ಮೇಲೆ ಮೇಲೆ ಹೋಗುತ್ತಾನೆ. ಸುತ್ತ ಕುಳಿತ ಗಂಡಸರು ತೀರಾ ಕೆಳಗಿನ ಸ್ಥಾಯಿಯಲ್ಲಿ ಗುಂಯ್ ಎಂದು ಆಧಾರ ಹಿಡಿಯುತ್ತಾರೆ. ಮಿರ್ವಾಸ್ ಎಂಬ ಪುಟ್ಟ ಚರ್ಮವಾದ್ಯ, ಜಹ್ಲಾ ಎಂಬ ಮಣ್ಣಿನ ಮಡಕೆ, ಕೈ ಚಪ್ಪಾಳೆ. ಜಪಾನಿನ ಸಾಕುಮುತ್ತು ಬಂದು 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಮುಳುಗಿತು. 1932ರಲ್ಲಿ ಬಹರೈನಿನಲ್ಲಿ ಎಣ್ಣೆ ಚಿಮ್ಮಿತು. ಹಡಗು ಹೋಯಿತು, ಹಾಡು ದಡದಲ್ಲಿ ಉಳಿಯಿತು. 2021ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಫಿಜ್ರಿ ಹುಟ್ಟಿದ ಬಗ್ಗೆ ಅಲ್ಲಿ ಒಂದು ಐತಿಹ್ಯವಿದೆ. ಮುಹರ್ರಕ್‌ನ ಮೂವರು ಗೆಳೆಯರಿಗೆ ಅಬೂ ಸುಬ್ಹ್ ಎಂಬಲ್ಲಿಯ ಮಸೀದಿಯ ಕಡೆಯಿಂದ ವಿಚಿತ್ರ ಹಾಡು ಕೇಳಿತಂತೆ. ಹಾಡುತ್ತಿದ್ದವರು ಅರ್ಧ ಮನುಷ್ಯ, ಅರ್ಧ ಕತ್ತೆಯ ಮೈಯ ಜಿನ್ನ್‌ಗಳು. ಯಾರಿಗೂ ಹೇಳಿಕೊಡಬಾರದು ಎಂಬ ಷರತ್ತಿನ ಮೇಲೆ ಅವು ಹಾಡು ಕಲಿಸಿದವು. ಗೆಳೆಯರು ಒಬ್ಬೊಬ್ಬರಾಗಿ ತೀರಿಕೊಂಡು ಕೊನೆಗೆ ಒಬ್ಬ ಉಳಿದ. ಸಾವು ಹತ್ತಿರವಾದಾಗ ಅವನು ಷರತ್ತು ಮುರಿದು ಊರಿಗೆ ಕಲಿಸಿದ. ಐತಿಹ್ಯದ ಲೆಕ್ಕದಲ್ಲೂ ಕಲೆ ನಮಗೆ ಸಿಕ್ಕಿದ್ದು ಮುದುಕನ ಕೈಯಿಂದಲೇ. ಅವನಿಗೆ ಯಾರೂ ಶಾಲು ಹೊದಿಸಿದಂತೆ ಕಾಣುವುದಿಲ್ಲ.

ರಾಕ್ ಬೇಕೆಂದರೆ ಬಹರೈನಿನಲ್ಲಿ ಅದಕ್ಕೂ ಉದಾಹರಣೆ ಇದೆ. ಮುಹಮ್ಮದ್ ಮತ್ತು ನಬೀಲ್ ಅಲ್ ಸಾದಿಕಿ ಎಂಬ ಅಣ್ಣತಮ್ಮಂದಿರ ‘ಒಸೈರಿಸ್’ ಬ್ಯಾಂಡ್ 1980ರ ದಶಕದ ಆರಂಭದಲ್ಲಿ ಮೊದಲ ಆಲ್ಬಂ ತಂದಿತು, 1984ರಲ್ಲಿ ಎರಡನೆಯದು, 1989ರಲ್ಲಿ ಮೂರನೆಯದು. ಆಮೇಲೆ ದೀರ್ಘ ಬಿಡುವು. 2007ರಲ್ಲಿ ಮತ್ತೆ ಆಲ್ಬಂ ಬಂತು, ಆಗ ಅವರು ಹುಡುಗರಾಗಿರಲಿಲ್ಲ. 2010ರಲ್ಲಿ ಅವರು ಕೈಗೆತ್ತಿಕೊಂಡದ್ದು ತಮ್ಮ ದ್ವೀಪದ ಮುತ್ತು ತೆಗೆಯುವವರ ಕತೆಯನ್ನು. ಹರೆಯದಲ್ಲಿ ಈಜಿಪ್ಟಿನ ದೇವರ ಹೆಸರಿಟ್ಟುಕೊಂಡು ಇಂಗ್ಲೆಂಡಿನ ಬ್ಯಾಂಡುಗಳ ದಾರಿ ಹಿಡಿದವರು ವಯಸ್ಸಾದ ಮೇಲೆ ಅಜ್ಜಂದಿರ ಸಮುದ್ರಕ್ಕೆ ತಿರುಗಿದರು. ವಯಸ್ಸು ಬರೀ ಸಂಖ್ಯೆಯಾಗಿದ್ದರೆ ಈ ತಿರುವು ಎಲ್ಲಿಂದ ಬರಬೇಕು?

ಹಾಗಾದರೆ ಇಲ್ಲಿನ ಕನ್ನಡಿಗರ ಬ್ಯಾಂಡಿಗೆ ನಿಜವಾದ ಕಷ್ಟ ಯಾವುದು? ಮಂಡಿಯಲ್ಲ, ಕಿವಿಯಲ್ಲ, ವೀಸಾ. ಬಹರೈನ್ ಕನ್ನಡ ಸಂಘ ಶುರುವಾದದ್ದು 1977ರಲ್ಲಿ. ಆ ಕಾಲದಲ್ಲಿ ಇಪ್ಪತ್ತೈದರ ಹರೆಯದಲ್ಲಿ ಬಂದಿಳಿದವರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಬಹುತೇಕರು ಈಗ ಮಂಗಳೂರು, ಉಡುಪಿ, ಪುತ್ತೂರು, ಬೆಂಗಳೂರಿನಲ್ಲಿದ್ದಾರೆ. ಕೆಲಸವಿದ್ದರೆ ವಾಸ, ಕೆಲಸ ಮುಗಿದರೆ ಟಿಕೆಟ್. 2022ರಲ್ಲಿ ಸರ್ಕಾರ ಹತ್ತು ವರ್ಷದ ಗೋಲ್ಡನ್ ರೆಸಿಡೆನ್ಸಿ ತಂದಿತು ನಿಜ, ಆದರೆ ನೌಕರರಿಗೆ ಅದು ಸಿಗಲು ಸರಾಸರಿ ಮೂಲವೇತನ 2,000 ದಿನಾರ್ ಇರಬೇಕು. ಅಷ್ಟು ಸಂಬಳದ ಬೇಸ್ ಗಿಟಾರಿಸ್ಟ್ ಯಾವ ಬ್ಯಾಂಡಿಗೂ ಸುಲಭಕ್ಕೆ ಸಿಗುವುದಿಲ್ಲ. ಸಾದಿಕಿ ಸಹೋದರರು ನಡುವೆ ವರ್ಷಗಟ್ಟಲೆ ಬಿಟ್ಟೂ ಮತ್ತೆ ಸೇರಿದರು, ಏಕೆಂದರೆ ಇಬ್ಬರೂ ಆ ಊರಿನವರೇ. ನಮ್ಮವರಿಗೆ ಆ ಬಿಡುವು ಇಲ್ಲ. ಹತ್ತು ವರ್ಷ ಕೂಡಿ ನುಡಿಸಿ, ಕಣ್ಸನ್ನೆಯಲ್ಲೇ ತಾಳ ಹಿಡಿಯುವಷ್ಟು ಹದ ಬಂದ ಹೊತ್ತಿಗೆ ಡ್ರಮ್ಸ್‌ನವರು ಬಂಟ್ವಾಳಕ್ಕೆ ಹೊರಟಿರುತ್ತಾರೆ. ಅಲ್ಲಿಂದ ವಿಡಿಯೊ ಕಾಲ್‌ನಲ್ಲಿ ಹರಟೆ ಹೊಡೆಯಬಹುದು, ತಾಳ ಹಾಕಲಾಗದು. ಸುಮಾರು ಮೂರು ಸಾವಿರ ಕಿಲೊಮೀಟರ್ ದಾಟಿ ಬರುವ ಏಟು ಕ್ಷಣಾರ್ಧ ತಡವಾದರೂ ಹಾಡು ಎಳೆದಾಡುತ್ತದೆ. ಹಿರಿಯರ ಬ್ಯಾಂಡ್ ಎಂದು ನಾವು ಚಪ್ಪಾಳೆ ತಟ್ಟುವುದು ಎಷ್ಟೋ ಸಲ ಹೋದ ವರ್ಷವಷ್ಟೇ ಕೂಡಿಕೊಂಡ ಬ್ಯಾಂಡಿಗೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ: ‘ಅವರು ದುಡ್ಡಿಗೆ ನುಡಿಸುವವರಲ್ಲ, ಕೆಲಸದ ದಣಿವು ಕಳೆಯಲು ಸೇರುವವರು, ಇಷ್ಟು ಕಟುವಾಗಿ ಕೇಳಬೇಕೇ?’ ಫ್ಲ್ಯಾಟಿನ ಹಾಲ್‌ನಲ್ಲಿ ಬೇಡ, ಖಂಡಿತ ಬೇಡ. ಅಲ್ಲಿ ಅವರು ಹೇಗೆ ಬೇಕಾದರೂ ನುಡಿಸಲಿ, ಅವರ ಖುಷಿ ಅವರದು. ವೇದಿಕೆ ಹತ್ತಿದ ಮೇಲೆ ಕೇಳುವವನಿಗೂ ಒಂದು ಹಕ್ಕು ಹುಟ್ಟುತ್ತದೆ. ವಾದ್ಯ ನುಡಿಸಿದರೆ ಮಿದುಳಿಗೆ ಒಳ್ಳೆಯದು ಎಂಬ ಆರೋಗ್ಯದ ಮಾತೂ ಬರುತ್ತದೆ. ಇರಲಿ, ಆದರೆ ನಾನು ಒಳಗೆ ಬಂದು ಕೂತದ್ದು ಅವರ ಮಿದುಳಿನ ಹಿತಕ್ಕಲ್ಲ.

ಹಿರಿಯರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ವಿನಾಯಿತಿಯ ಸುಖ ಅವರಿಗೂ ಅಭ್ಯಾಸವಾಗಿದೆ. ಐದು ಹಾಡಿನ ಸಮಯ ಪಡೆದು ಎಂಟು ಹಾಡುವುದು, ತಾವು ಕಾಲೇಜಿನಲ್ಲಿ ಹಾಡಿದ ಸ್ಕೇಲಿನಲ್ಲೇ ಹಾಡುವೆನೆಂಬ ಹಟ, ಹೈಸ್ಕೂಲು ಹುಡುಗಿಯೊಬ್ಬಳು ಚೆನ್ನಾಗಿ ಕೀಬೋರ್ಡ್ ನುಡಿಸುತ್ತಾಳೆಂದು ಗೊತ್ತಿದ್ದೂ ಅವಳನ್ನು ಕೋರಸ್ಸಿನಲ್ಲಿ ನಿಲ್ಲಿಸುವುದು. ಆ ಹುಡುಗಿಗೆ ಆಡಿಷನ್ ಇದೆ, ಹಿರಿಯರಿಗೆ ಇಲ್ಲ. ಇಬ್ಬರಿಗೂ ಇರಲಿ. ಸ್ಕೇಲ್ ಇಳಿಸಲು ನಾಚಿಕೆ ಬೇಡ, ಲಯ ತಗ್ಗಿಸಲು ನಾಚಿಕೆ ಬೇಡ. ವೇಗದ ಹಾಡನ್ನು ಕೈಬಿಟ್ಟು ಭಾವಗೀತೆಯೊಂದನ್ನು ನಿಧಾನವಾಗಿ, ಪದದ ಅರ್ಥ ಬಲ್ಲವರಂತೆ ಹಾಡಿದರೆ ಇಪ್ಪತ್ತೈದರ ಹುಡುಗನಿಗೆ ಎಟುಕದ ಜಾಗ ಅದು.

ಮುಂದಿನ ಕಾರ್ಯಕ್ರಮದ ಸಂಘಟಕರಲ್ಲಿ ನನ್ನ ವಿನಂತಿ ಸಣ್ಣದು. ಕಾರ್ಯಕ್ರಮದ ಮಧ್ಯೆ ಡ್ರಮ್ಸ್‌ನವರನ್ನು ಎಬ್ಬಿಸಿ ಶಾಲು ಹೊದಿಸುವುದನ್ನು ನಿಲ್ಲಿಸಿ. ಆ ದುಡ್ಡಿನಲ್ಲಿ ಅವರ ಕಡೆ ತಿರುಗಿಸಿಟ್ಟ ಎರಡು ಮಾನಿಟರ್ ಸ್ಪೀಕರ್ ಬಾಡಿಗೆಗೆ ತನ್ನಿ, ಸೌಂಡ್ ಚೆಕ್ಕಿಗೆ ಅರ್ಧ ಗಂಟೆ ಕೊಡಿ, ಟ್ಯಾಬ್ ಇರುವಲ್ಲಿ ಒಂದು ಲೈಟು ಹಾಕಿ. ನಿರೂಪಕರು ಕಲಾವಿದರ ವಯಸ್ಸು ಹೇಳುವುದು ಬೇಡ, ಹಾಡು ಯಾರದ್ದು, ಸಂಗೀತ ಯಾರದ್ದು ಎಂದು ಹೇಳಿದರೆ ಸಾಕು. ಸಭಿಕರು ಕೂತೇ ಕೇಳಿ. ಚೆನ್ನಾಗಿದ್ದರೆ ಇನ್ನೊಂದು ಹಾಡು ಕೇಳಿ ಪಡೆಯಿರಿ. ಶ್ರುತಿ ತಪ್ಪಿದ್ದರೆ ಊಟದ ಸಾಲಿನಲ್ಲಿ ಸಿಕ್ಕಾಗ ಅವರಿಗೇ ಹೇಳಿ.