ಟೈರಿನ ಮೇಲಿನ ನಾಲ್ಕು ಅಂಕಿ

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಪಿಕಪ್ ಇದೆ. ಕಳೆದ ರಜೆಯಲ್ಲಿ ಅದಕ್ಕೆ ಬಣ್ಣ ಹೊಡೆಸಿದೆವು, ಸೀಟು ಹೊಲಿಸಿದೆವು. ಟೈರಿನ ಮಾತು ಬಂದಾಗ ಅಪ್ಪ, 'ಗ್ರಿಪ್ ಇನ್ನೂ ಇದೆಯಲ್ಲ' ಎಂದರು. ಟೈರಿನ ಬದಿ ಒರೆಸಿ ನೋಡಿದೆ: 2309. ಅಂದರೆ 2009ರ 23ನೇ ವಾರ ತಯಾರಾದದ್ದು. ಪಕ್ಕದಲ್ಲೇ ಕೂದಲೆಳೆಯಂಥ ಬಿರುಕುಗಳು.

ಗ್ರಿಪ್ಪಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆನ್ನುತ್ತದೆ ಕಾನೂನು. ನಮ್ಮ ಟೈರು ಅದರಲ್ಲಿ ಪಾಸು. ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಬಿಸಿಲು, ಗಾಳಿಗೆ ಗಡಸಾಗಿ ಬಿರಿಯುತ್ತದೆ. ಅಪರೂಪಕ್ಕೆ ಓಡುವ ಹಳೆಯ ಗಾಡಿಯ ಟೈರು ಸವೆಯುವ ಮೊದಲೇ ಮುದಿಯಾಗಿರುತ್ತದೆ.

'ಅಗಲದ ಟೈರು ಹಾಕಿಸು, ಲುಕ್ ಬರುತ್ತೆ' ಎಂದರು ಗೆಳೆಯರು. ಲುಕ್ಕಿಗಿಂತ ಮೊದಲು ನೋಡಬೇಕಾದದ್ದು ರಿಮ್ಮಿಗೆ ಹೊಂದುವ ಅಳತೆ, ಐಎಸ್‌ಐ ಗುರುತು, ಲೋಡ್ ಇಂಡೆಕ್ಸ್. ಇಂಡೆಕ್ಸ್ 100 ಎಂದಿದ್ದರೆ ಆ ಟೈರು ಹೊರುವುದು ಹೆಚ್ಚೆಂದರೆ 800 ಕೆ.ಜಿ. ಒಂದೇ ಆಕ್ಸಲ್‌ನಲ್ಲಿ ರೇಡಿಯಲ್ ಒಂದು, ಬಯಾಸ್ ಒಂದು ಹಾಕಲೂಬಾರದು.

ಅಡಿಕೆ ಮೂಟೆ ಹೇರಿಕೊಂಡು ಅಪ್ಪ ಮಳೆಯಲ್ಲಿ ಘಾಟಿ ಇಳಿಯುವುದು ಈ ಗಾಡಿಯಲ್ಲೇ. ಬಣ್ಣಕ್ಕೆ ಸುರಿದ ಹಣ ಮೊದಲು ಟೈರಿಗೆ ಹೋಗಬೇಕಿತ್ತು. ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ, ಇವತ್ತೇ ಟೈರು ಒರೆಸಿ ಆ ನಾಲ್ಕು ಅಂಕಿ ಓದಿ.