ಹುಡುಗಿಯರ ಗುರಿಯನ್ನು ಕುಗ್ಗಿಸಬೇಡಿ



ಡಿಸೆಂಬರ್ 7ರ ಧ್ವಜ ದಿನಕ್ಕೋ ನೆರೆ ಪರಿಹಾರಕ್ಕೋ ಶಾಲೆಯಲ್ಲಿ ಹಣ ಸಂಗ್ರಹಿಸುವಾಗ ಹುಡುಗಿಯರಿಗೆ ನಾವು ಹೇಳುವುದು ಒಂದೇ ಮಾತು: ‘ಆದಷ್ಟು ತಂದರೆ ಸಾಕಮ್ಮ.’ 30 ವರ್ಷ ಪಾಠ ಹೇಳಿದ ನಾನೂ ಹಾಗೇ ಹೇಳಿದ್ದೇನೆ. ಅದು ತಪ್ಪೆಂದು ಈಗ ಅನ್ನಿಸುತ್ತಿದೆ.

ಅಮೆರಿಕದ ಅಲೆಕ್ಸಾಂಡ್ರಾ ಸ್ಕಾಟ್ ಎಂಬ ಹುಡುಗಿಯನ್ನೇ ನೋಡಿ. ಅವಳಿಗೆ ಒಂದು ವರ್ಷ ತುಂಬುವ ಮೊದಲೇ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. 2000ದಲ್ಲಿ, 4ನೇ ವಯಸ್ಸಿನಲ್ಲಿ, ತನ್ನಂಥ ಮಕ್ಕಳ ಚಿಕಿತ್ಸೆಗೆಂದು ಮನೆಯೆದುರು ನಿಂಬೆ ಪಾನಕ ಮಾರಿ 2,000 ಡಾಲರ್ ಕೂಡಿಸಿದಳು. ಅಷ್ಟಕ್ಕೆ ಸುಮ್ಮನಾಗಲಿಲ್ಲ. 2004ರಲ್ಲಿ ಅವಳ ಗುರಿ 10 ಲಕ್ಷ ಡಾಲರ್! ಊರೂರಲ್ಲಿ ಮಕ್ಕಳು ಪಾನಕದ ಮೇಜು ಹಾಕಿದರು. ಅದೇ ಆಗಸ್ಟ್‌ನಲ್ಲಿ, 8 ವರ್ಷಕ್ಕೇ ಅವಳು ತೀರಿಕೊಳ್ಳುವಷ್ಟರಲ್ಲಿ ಸಂಗ್ರಹ ಆ ಮೊತ್ತವನ್ನು ದಾಟಿತ್ತು. ಮನೆಯವರು ‘ಅಷ್ಟೆಲ್ಲ ಆಗದು ಮಗಳೇ’ ಎಂದು ಬಾಯಿ ಮುಚ್ಚಿಸಿದ್ದರೆ?

ಮುಂದಿನ ಸಲ ಹುಡುಗಿಯೊಬ್ಬಳು ರಸೀದಿ ಪುಸ್ತಕ ಹಿಡಿದು ಬಂದಾಗ ‘ಎಷ್ಟು ಕೂಡಿಸಬೇಕು ಅಂತಿದ್ದೀಯಮ್ಮ?’ ಎಂದು ಕೇಳಿ. ಅವಳು ಹೇಳುವ ಮೊತ್ತ ದೊಡ್ಡದೆನಿಸಿದರೂ ಇಳಿಸಬೇಡಿ. ಯಾರನ್ನು ಹೇಗೆ ಕೇಳಬೇಕು, ಲೆಕ್ಕ ಹೇಗೆ ಬರೆದಿಡಬೇಕು ಎಂಬುದನ್ನು ಜೊತೆಗೆ ಕೂತು ಕಲಿಸಿಕೊಡಿ.

– ನಿವೃತ್ತ ಶಿಕ್ಷಕಿ, ಸಾಗರ